ಜಾಡು ತಪ್ಪಿದ ಬೆಲೆ



ಈ ಹೊತ್ತಿನ ಭಾಷಣಕ್ಕೆ ನಾನು ಆರಿಸಿಕೊಂಡಿರುವ ವಿಷಯ ಒಂದೇ ಒಂದು ಇಂಗ್ಲಿಷ್ ಪದ: 'ಎಕ್ಸಾರ್ಬಿಟಂಟ್'. ಒಂದು ಪದಕ್ಕಾಗಿ ಕಾಲು ಗಂಟೆಯ ಕಾಲವನ್ನು ವ್ಯಯಮಾಡುವುದೇ 'ಎಕ್ಸಾರ್ಬಿಟಂಟ್' ಆಯಿತೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ತೋರಿದರೆ ಅದರ ಅರ್ಥ ನಿಮಗೆ ಆಗಲೇ ತಿಳಿದಿದೆಯೆಂದಾಯಿತು. ನಿಘಂಟುಗಳು ಅದಕ್ಕೆ 'ಮಿತಿಮೀರಿದ', 'ವಿಪರೀತವಾದ' ಎಂಬ ಅರ್ಥಗಳನ್ನು ಕೊಡುತ್ತವೆ. ಬೆಲೆ, ಬಾಡಿಗೆ, ಶುಲ್ಕ, ಬಡ್ಡಿ ಇವುಗಳಿಗೆ ವಿಶೇಷಣವಾಗಿ ಆ ಪದ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. ಕೇಳಬಾರದಷ್ಟು ಹಣವನ್ನು ಯಾರಾದರೂ ಕೇಳಿದರೆ, ಇಂಗ್ಲಿಷ್ ಬಲ್ಲವನ ಬಾಯಲ್ಲಿ ಮೊದಲು ಹೊರಡುವ ಮಾತು ಇದೇ.

ಕೆಲವು ವರ್ಷಗಳ ಹಿಂದೆ ನಾನು ಬಿ.ಎ. ತರಗತಿಯಲ್ಲಿ ಒಂದು ಗದ್ಯಭಾಗವನ್ನು ಭಾಷಾಂತರಕ್ಕೆ ಕೊಟ್ಟಿದ್ದೆನು. ಅದರಲ್ಲಿ ಈ ಪದ ಬಡ್ಡಿಗೆ ವಿಶೇಷಣವಾಗಿ ಬಂದಿತ್ತು. ವಿದ್ಯಾರ್ಥಿಗಳು ಬಹುಮಂದಿ 'ದುಬಾರಿ ಬಡ್ಡಿ' ಎಂದು ಬರೆದರು; ತಪ್ಪೇನಿಲ್ಲ. ಆದರೆ ಅಧ್ಯಾಪಕನ ಚಪಲ ನೋಡಿ, ಪದದ ಮೂಲವನ್ನು ಹೇಳದೆ ಬಿಡಲು ನನಗೆ ಮನಸ್ಸಾಗಲಿಲ್ಲ. ಹೇಳಿ ಮುಗಿಸಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದಿತು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದೇನೆಂಬುದನ್ನು ತಿಳಿಯುವ ಮೊದಲು ಪದದ ಮೂಲವನ್ನು ತಾವೂ ಕೇಳಬೇಕಾಗಿದೆ.

ಲ್ಯಾಟಿನ್ ಭಾಷೆಯಲ್ಲಿ 'ಆರ್ಬಿಸ್' ಎಂದರೆ ವೃತ್ತ, ಚಕ್ರ, ಬಿಲ್ಲೆ. ಅದರಿಂದ ಹುಟ್ಟಿದ 'ಆರ್ಬಿಟ' ಎಂದರೆ ಗಾಲಿಯು ನೆಲದ ಮೇಲೆ ಉಳಿಸಿಹೋಗುವ ಗೆರೆ. ನಮ್ಮ ಮಾತಿನಲ್ಲಿ ಗಾಡಿಯ ಜಾಡು. 'ಎಕ್ಸ್' ಎಂಬ ಉಪಸರ್ಗಕ್ಕೆ 'ಹೊರಗೆ' ಎಂದರ್ಥ. ಇವೆರಡೂ ಕೂಡಿ 'ಜಾಡಿನಿಂದ ಹೊರಬೀಳುವುದು' ಎಂಬ ಅರ್ಥದ ಕ್ರಿಯಾಪದವೊಂದು ಲ್ಯಾಟಿನ್ ಭಾಷೆಯ ಕೊನೆಗಾಲದಲ್ಲಿ ಹುಟ್ಟಿತು. ಅದರ ವರ್ತಮಾನ ಕೃದಂತವೇ ನಮ್ಮ ಪದ. ಗ್ರಹಗಳ ಕಕ್ಷೆಯನ್ನೂ ಉಪಗ್ರಹಗಳ ಕಕ್ಷೆಯನ್ನೂ ಈಗ 'ಆರ್ಬಿಟ್' ಎನ್ನುವರಷ್ಟೆ. ಆ ಆಕಾಶಮಾರ್ಗಕ್ಕೂ ಹೆಸರು ಬಂದದ್ದು ಕೆಸರಿನಲ್ಲಿ ಮೂಡಿದ ಗಾಡಿಯ ಜಾಡಿನಿಂದಲೇ. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. 'ಎಕ್ಸ್' ಆದಮೇಲೆ 'ಹೆಚ್' ಅಕ್ಷರವನ್ನು ಸೇರಿಸಿ ಈ ಪದವನ್ನು ಬರೆಯುವುದು ನಮ್ಮ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಇಂಗ್ಲಿಷರಲ್ಲಿಯೂ ಉಂಟು. 'ಆರ್ಬಿಟ್' ಎಂಬುದನ್ನು ನೆನಪಿನಲ್ಲಿಟ್ಟವನು ಆ ತಪ್ಪನ್ನು ಮಾಡಲಾರನು.

ಜಾಡು ತಪ್ಪುವುದೆಂದರೆ ಎಂಥ ಸಂಕಟವೆಂಬುದನ್ನು ರೋಮನರು ಚೆನ್ನಾಗಿ ಬಲ್ಲವರಾಗಿದ್ದರು. ಕ್ರಿ.ಶ. 79ರಲ್ಲಿ ವಿಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆ ನಗರವನ್ನು ಅಗೆದು ತೆಗೆದಿದ್ದಾರೆ. ಅಲ್ಲಿಯ ಬೀದಿಗಳಿಗೆ ಹಾಸಿದ ಗಟ್ಟಿ ಕಪ್ಪುಕಲ್ಲಿನಲ್ಲಿ ಗಾಲಿಗಳು ಸವೆಸಿದ ಆಳವಾದ ಜಾಡುಗಳು ಇಂದಿಗೂ ಕಾಣುತ್ತವೆ. ಪಾದಚಾರಿಗಳು ದಾಟುವುದಕ್ಕೆಂದು ಬೀದಿಗೆ ಅಡ್ಡಲಾಗಿ ಎತ್ತರದ ಕಲ್ಲುಗಳನ್ನು ಇಟ್ಟಿದ್ದಾರೆ. ಗಾಲಿಗಳು ಆ ಕಲ್ಲುಗಳ ನಡುವಿನ ಸಂದಿಯಲ್ಲಿಯೇ ಹಾಯಬೇಕು. ಜಾಡಿನಲ್ಲಿದ್ದ ಗಾಡಿ ಸುಖವಾಗಿ ಹೋಗುವುದು, ಬಿಟ್ಟ ಗಾಡಿ ಕಲ್ಲಿಗೆ ಬಡಿಯುವುದು. ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಬಾಲ್ಯದಲ್ಲಿ ಮಳೆಗಾಲದ ಹಳ್ಳಿದಾರಿಯಲ್ಲಿ ಎತ್ತಿನ ಗಾಡಿಯ ಮೇಲೆ ಕುಳಿತು ಹೋದವರಿಗೆ ಇದು ಅನುಭವಸಿದ್ಧ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಣ್ಣೆಯ ಮೇಲೆ. ಗಾಡಿ ಓರೆಯಾಗುವುದು, ಅಚ್ಚು ಕಿರುಗುಟ್ಟುವುದು, ಗಾಡಿ ಹೊಡೆಯುವವನು ಎತ್ತುಗಳನ್ನು ಬೈಯುವುದು. ನಮ್ಮ ಸೋದರಮಾವಂದಿರು ಒಮ್ಮೆ ಹಾಗೆ ಅಚ್ಚು ಮುರಿಸಿಕೊಂಡು, ಮದುವೆಯ ಮನೆಗೆ ಹೊತ್ತುಮೀರಿ ನಡೆದುಬಂದದ್ದು ನನಗೆ ಚೆನ್ನಾಗಿ ನೆನಪಿದೆ.

ಲ್ಯಾಟಿನ್ ಜನರು ಅತಿರೇಕಕ್ಕೆ ಹೆಸರಿಡುವಾಗಲೆಲ್ಲ ಹೊಲ, ರಸ್ತೆ, ಬಡಗಿಯ ಮನೆ ಇವುಗಳ ಕಡೆಗೇ ನೋಡಿದಂತಿದೆ. ಜ್ವರದ ತಾಪದಲ್ಲಿ ರೋಗಿಯು ಬಡಬಡಿಸುವುದನ್ನು ವೈದ್ಯರು 'ಡಿಲಿರಿಯಂ' ಎನ್ನುವರು. 'ಲೀರ' ಎಂದರೆ ನೇಗಿಲ ಸಾಲು, ಆ ಸಾಲಿನಿಂದ ಪಕ್ಕಕ್ಕೆ ಸರಿದವನೇ ಬುದ್ಧಿ ತಪ್ಪಿದವನು. 'ಎನಾರ್ಮಸ್' ಎಂಬುದರಲ್ಲಿರುವ 'ನಾರ್ಮ' ಬಡಗಿಯ ಮೂಲೆಮಟ್ಟ. ಮಟ್ಟಕ್ಕೆ ಹೊಂದದ್ದು ಎನಾರ್ಮಸ್. ನಮ್ಮ ಪದಕ್ಕೆ ಅತಿ ಸಮೀಪದ ಸೋದರಿಯೆಂದರೆ 'ಎಕ್ಸ್ಟ್ರಾವಗಂಟ್'. ಎಲ್ಲೆಯ ಹೊರಗೆ ಅಲೆಯತಕ್ಕದ್ದು ಎಂದು ಅದರ ಮೂಲಾರ್ಥ. 'ಹ್ಯಾಮ್ಲೆಟ್' ನಾಟಕದ ಮೊದಲನೆಯ ಅಂಕದಲ್ಲಿ, ಕೋಳಿ ಕೂಗಿದೊಡನೆ ತನ್ನ ನೆಲೆಗೆ ಓಡಬೇಕಾದ ಪ್ರೇತಕ್ಕೆ ಷೇಕ್ಸ್‌ಪಿಯರನು ಈ ವಿಶೇಷಣವನ್ನು ಹಾಕಿದ್ದಾನೆ. ಅದನ್ನು 'ದುಂದುಗಾರ ಪ್ರೇತ' ಎಂದು ಭಾಷಾಂತರಿಸಿದ ಉತ್ತರಪತ್ರಿಕೆಯೊಂದು ನನ್ನ ಕೈಗೆ ಬಂದದ್ದುಂಟು. ಎಕ್ಸ್ಟ್ರಾವಗಂಟ್ ಆದವನು ತನ್ನ ಹಣವನ್ನು ಎಲ್ಲೆಮೀರಿ ಚೆಲ್ಲುತ್ತಾನೆ. ಎಕ್ಸಾರ್ಬಿಟಂಟ್ ಆದವನು ಪರರ ಹಣವನ್ನು ಜಾಡುಮೀರಿ ಕೇಳುತ್ತಾನೆ. ಅಲೆಯುವುದನ್ನು ಹೇಳುತ್ತಿದ್ದ ಎರಡು ಪದಗಳೂ ಕಡೆಗೆ ಹಣದ ಚೀಲಕ್ಕೇ ಬಂದು ಸೇರಿದುವು.

ಆದರೆ ನೇರವಾಗಿ ಬರಲಿಲ್ಲ. ನ್ಯಾಯಶಾಸ್ತ್ರದ ಮೂಲಕ ಬಂದುವು. ಕ್ರೈಸ್ತಮಠದ ಧರ್ಮಶಾಸ್ತ್ರದಲ್ಲಿ ಗ್ರೇಷಿಯನ್ ಎಂಬವನ ಸಂಗ್ರಹಕ್ಕೆ ಸೇರದೆ ಹೊರಗೆ ಉಳಿದ ಪೋಪರ ಆಜ್ಞೆಗಳಿಗೆ 'ಎಕ್ಸ್ಟ್ರಾವಗಾಂಟೆಸ್' ಎಂದೇ ಹೆಸರಾಯಿತು. ಹಾಗೆಯೇ 'ಎಕ್ಸಾರ್ಬಿಟಂಟ್' 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ, ಕಾನೂನಿನ ವ್ಯಾಪ್ತಿಗೆ ಸಿಕ್ಕದ ಪ್ರಸಂಗ, ಸಾಮಾನ್ಯ ನಿಯಮವನ್ನು ಬಿಟ್ಟು ನಡೆದದ್ದು, ಎಂಬ ಅರ್ಥವನ್ನು ಹೊತ್ತು ಬಂದಿತು. 17ನೆಯ ಶತಮಾನದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ವ್ಯಾಜ್ಯವಾದಾಗ ಮೇರೆಮೀರಿದ ಅಧಿಕಾರವನ್ನು ನಿಂದಿಸುವುದಕ್ಕೆ ಅದು ಒದಗಿತು. ಬೆಲೆಗೂ ಬಡ್ಡಿಗೂ ಅಂಟಿಕೊಂಡು ನಿಂತದ್ದು ತರುವಾಯದ ಕಥೆ.

ಇನ್ನು ಪ್ರಶ್ನೆಗೆ ಬರೋಣ. ಹಿಂದಿನ ಬೆಂಚಿನ ಆ ಹುಡುಗನು ಸಾಮಾನ್ಯವಾಗಿ ಮಾತನಾಡುವವನಲ್ಲ. ಎದ್ದು ನಿಂತು, "ಸಾರ್, ನಮ್ಮೂರಿನಲ್ಲಿ ಕೈಸಾಲ ಕೊಡುವವರೆಲ್ಲರೂ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತಾರೆ. ಎಲ್ಲ ಗಾಡಿಗಳೂ ಅದರ ಮೇಲೆಯೇ ಹೋಗುವುದಾದರೆ ಅದೇ ಜಾಡಾಯಿತಲ್ಲ? ಅದನ್ನು ಈ ಪದದಿಂದ ಕರೆಯಬಹುದೆ?" ಎಂದನು. ತರಗತಿ ನಕ್ಕಿತು. ನಾನೂ ಏನೋ ಹೇಳಿ ನಗಿಸಿ, ಗಂಟೆ ಹೊಡೆದುದರಿಂದ ಪಾರಾದೆನು. ಆಮೇಲೆ ತಿಳಿಯಿತು, ಅವನ ತಂದೆ ಕೊಳವೆಬಾವಿಗೆಂದು ಅದೇ ದರದಲ್ಲಿ ಸಾಲ ಮಾಡಿದ್ದಾರೆಂದು. ಹುಡುಗನು ಪದಕೌತುಕದಿಂದ ಕೇಳಿರಲಿಲ್ಲ.

ಪ್ರಶ್ನೆಯು ಬಹು ಹಳೆಯದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಾಡನ್ನು ಸರ್ಕಾರವೇ ಕೊರೆದಿಟ್ಟಿತ್ತು. ಸುಮಾರು 1266ರ ಒಂದು ಶಾಸನ ರೊಟ್ಟಿಗೂ ಬಿಯರಿಗೂ ಕ್ರಮವನ್ನು ಕಟ್ಟಿತು. ಅದರ ಜಾಣತನವನ್ನು ನೋಡಿ: ರೊಟ್ಟಿಯ ಬೆಲೆ ಬದಲಾಗುವಂತಿಲ್ಲ; ಗೋಧಿಯ ಧಾರಣೆ ಏರಿದರೆ ರೊಟ್ಟಿಯ ತೂಕ ಇಷ್ಟು ಇಳಿಯಬಹುದು, ಧಾರಣೆ ಇಳಿದರೆ ತೂಕ ಇಷ್ಟು ಏರಬೇಕು, ಎಂದು ಪಟ್ಟಿ ಮಾಡಿತ್ತು. ಈ ಕ್ರಮ ಲಂಡನ್ನಿನಲ್ಲಿ 1815ರ ವರೆಗೆ, ಉಳಿದ ಕಡೆ 1836ರ ವರೆಗೆ ನಡೆಯಿತು. ಬಡ್ಡಿಗೂ ಹೀಗೆಯೇ. 1545ರಲ್ಲಿ ಎಂಟನೆಯ ಹೆನ್ರಿಯ ಕಾಲದ ಕಾನೂನು ವರ್ಷಕ್ಕೆ ನೂರಕ್ಕೆ ಹತ್ತರ ವರೆಗೆ ಒಪ್ಪಿತು. 1552ರಲ್ಲಿ ಬಡ್ಡಿಯೇ ಕೂಡದೆಂದಾಯಿತು. 1571ರಲ್ಲಿ ಹತ್ತರ ಮಿತಿ ಮರಳಿತು. ಆಮೇಲೆ 1624ರಲ್ಲಿ ಎಂಟು, 1651ರಲ್ಲಿ ಆರು, 1714ರಲ್ಲಿ ಐದು. ಇಂಥ ದಿನಗಳಲ್ಲಿ ಎಕ್ಸಾರ್ಬಿಟಂಟ್ ಬಡ್ಡಿ ಯಾವುದೆಂದು ಹುಡುಗನು ಕೇಳಿದ್ದರೆ ಯಾವ ಗುಮಾಸ್ತೆಯಾದರೂ ಹೇಳುತ್ತಿದ್ದನು.

ಆ ಜಾಡನ್ನು ಅಳಿಸಬೇಕೆಂದು ವಾದಿಸಿದವರಲ್ಲಿ ಅಗ್ರಗಣ್ಯನು ಜೆರೆಮಿ ಬೆಂಥಮ್. 1787ರಲ್ಲಿ ರಷ್ಯಾ ದೇಶದಲ್ಲಿ ತಂಗಿದ್ದಾಗ ಅವನು ಬಡ್ಡಿಯ ಸಮರ್ಥನೆಗಾಗಿ ಪತ್ರರೂಪವಾದ ಪುಸ್ತಕವೊಂದನ್ನು ಬರೆದನು. ಅದರ ಕೊನೆಯ ಪತ್ರ ಆಡಮ್ ಸ್ಮಿತ್ತನಿಗೆ. ಐದರ ಮಿತಿ ಇರಲೆಂದು ಸ್ಮಿತ್ ತನ್ನ 1776ರ ಗ್ರಂಥದಲ್ಲಿ ಒಪ್ಪಿದ್ದನು. ಬೆಂಥಮ್ಮನ ವಾದದ ತಿರುಳು ಇಷ್ಟು: ಇಂಥದೇ ನ್ಯಾಯವಾದ ದರವೆಂದು ಪ್ರಕೃತಿಯಲ್ಲಿ ಎಲ್ಲಿಯೂ ಬರೆದಿಲ್ಲ, ಕಾನೂನನ್ನು ಬಿಟ್ಟರೆ ವಾಡಿಕೆಯೊಂದೇ ಅಳತೆಗೋಲು, ವಾಡಿಕೆಯೋ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬೇರೆ ಬೇರೆ. ನಮ್ಮ ಹಿಂದಿನ ಬೆಂಚಿನ ಹುಡುಗನು ಬೆಂಥಮ್ಮನನ್ನು ಓದಿದವನಲ್ಲ. ಆದರೂ ಅದೇ ಬಾಗಿಲಿಗೆ ಬಂದು ನಿಂತಿದ್ದನು. ಭೇದವೆಂದರೆ, ಸಾಲಕೊಡುವವನ ಸ್ವಾತಂತ್ರ್ಯಕ್ಕಾಗಿ ಬೆಂಥಮ್ ಅದನ್ನು ಹೇಳಿದನು, ಸಾಲಗಾರನ ಮನೆಯಿಂದ ಬಂದು ಇವನು ಕೇಳಿದನು. 1854ರಲ್ಲಿ ಇಂಗ್ಲೆಂಡು ಬಡ್ಡಿಯ ಮಿತಿಗಳನ್ನೆಲ್ಲ ತೆಗೆದುಹಾಕಿತು.

ಮಿತಿ ಹೋಯಿತು, ದೂರು ಹೋಗಲಿಲ್ಲ. 1900ರ ಕಾನೂನು, ಬಡ್ಡಿ ಅತಿಯಾಗಿದ್ದು ವ್ಯವಹಾರ ನಿರ್ದಯವಾಗಿ ಕಂಡರೆ ಕೋರ್ಟು ಅದನ್ನು ಮತ್ತೆ ಬಿಚ್ಚಿ ನೋಡಬಹುದೆಂದಿತು. 'ಅತಿ' ಎಷ್ಟೆಂದು 1927ರಲ್ಲಿ ಮತ್ತೆ ಅಂಕಿ ಬಂದಿತು: ವರ್ಷಕ್ಕೆ ನೂರಕ್ಕೆ 48ನ್ನು ದಾಟಿದರೆ ಅತಿಯೆಂದೇ ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಭಾರ ಸಾಲಕೊಟ್ಟವನದು. 1974ರ ಗ್ರಾಹಕಸಾಲದ ಕಾನೂನು ಆ ಅಂಕಿಯನ್ನು ಕೈಬಿಟ್ಟು ವಿಶೇಷಣಗಳನ್ನು ನಂಬಿತು. 'ಎಕ್ಸ್ಟಾರ್ಷನೇಟ್' ಆದ ಒಪ್ಪಂದವನ್ನು ಕೋರ್ಟು ತಿದ್ದಬಹುದು. ಎಕ್ಸ್ಟಾರ್ಷನೇಟ್ ಯಾವುದೆಂದರೆ ತೀರಾ ಎಕ್ಸಾರ್ಬಿಟಂಟ್ ಆದ ಪಾವತಿಯನ್ನು ಕೇಳುವುದು, ಇಲ್ಲವೆ ನ್ಯಾಯವಾದ ವ್ಯವಹಾರದ ಸಾಮಾನ್ಯ ತತ್ತ್ವಗಳನ್ನು ತೀರಾ ಉಲ್ಲಂಘಿಸುವುದು. ಇಂಗ್ಲಿಷ್ ಅಧ್ಯಾಪಕನಿಗೆ ಇದೊಂದು ಹಬ್ಬವೇ ಸರಿ: ಕಾನೂನಿನ ಒಂದು ಪದ ಇನ್ನೊಂದನ್ನು ಕೈಹಿಡಿದು ಪರಿಚಯ ಮಾಡಿಕೊಡುತ್ತಿದೆ. ಸಾಲಗಾರನಿಗೆ ಅದು ಹಬ್ಬವಾಗಲಿಲ್ಲ. ಕೋರ್ಟು ಪರಿಗಣಿಸಬೇಕಾದ ಸಂಗತಿಗಳಲ್ಲಿ ಸಾಲಗಾರನ ವಯಸ್ಸು, ಅನುಭವ, ಆರೋಗ್ಯ, ಹಣದ ಒತ್ತಡ ಇವೆಲ್ಲ ಇದ್ದುವು. ಅವುಗಳೊಡನೆ ಆ ಕಾಲದಲ್ಲಿ ನಡೆಯುತ್ತಿದ್ದ ಬಡ್ಡಿಯ ದರವೂ ಇತ್ತು. ಎಲ್ಲ ಗಾಡಿಗಳೂ ಹೋಗುವ ಜಾಡು! 1980ರ ಸುಮಾರಿನ ಒಂದು ಮೊಕದ್ದಮೆಯಲ್ಲಿ ಅವಸರದ ಸಾಲವೊಂದಕ್ಕೆ ವರ್ಷಕ್ಕೆ ನೂರಕ್ಕೆ 48ರಂತೆ ಹಾಕಿದ ಬಡ್ಡಿಯನ್ನು ತಿದ್ದುವುದಕ್ಕೆ ನ್ಯಾಯಾಧೀಶರು ಒಪ್ಪಲಿಲ್ಲ. ಈ ಕಾನೂನಿನಡಿ ಗೆದ್ದ ಸಾಲಗಾರರು ಬಹು ವಿರಳ. 2006ರಲ್ಲಿ ಪಾರ್ಲಿಮೆಂಟು ಆ ಎರಡು ವಿಶೇಷಣಗಳನ್ನೂ ಬಿಟ್ಟು, 'ಅನ್ಯಾಯವಾದ ಸಂಬಂಧ' ಎಂಬ ಸರಳವಾದ ಮಾತನ್ನು ಇಟ್ಟಿತು.

'ಎಕ್ಸ್ಟಾರ್ಷನ್' ಎಂಬುದನ್ನು ಸುಮ್ಮನೆ ದಾಟಿಹೋಗುವುದು ತರವಲ್ಲ. 'ಟಾರ್ಕ್ವೇರೆ' ಎಂದರೆ ತಿರುಚುವುದು. ತಿರುಚಿ ಹೊರತೆಗೆಯುವುದು ಎಕ್ಸ್ಟಾರ್ಷನ್. ಚಿತ್ರಹಿಂಸೆಯನ್ನು ಹೇಳುವ 'ಟಾರ್ಚರ್' ಅದರ ಒಡಹುಟ್ಟು. ಇಂಗ್ಲೆಂಡಿನ ಹಳೆಯ ನ್ಯಾಯದಲ್ಲಿ, ಅಧಿಕಾರಿಯು ತನ್ನ ಹುದ್ದೆಯ ನೆವದಿಂದ ಸಲ್ಲದ ಹಣವನ್ನು ಕೀಳುವುದು ಅದರ ಮುಖ್ಯಾರ್ಥವಾಗಿತ್ತು. ಕನ್ನಡದ ರೈತನಿಗೆ ಈ ಲ್ಯಾಟಿನ್ ಪಾಠ ಬೇಕಿಲ್ಲ. 'ಹಿಂಡುತ್ತಾರೆ' ಎಂದು ಅವನು ನಿತ್ಯವೂ ಹೇಳುತ್ತಾನೆ, ಒದ್ದೆ ಬಟ್ಟೆಯನ್ನು ಹಿಂಡುವ ಕೈಯೇ ಆ ಮಾತಿನಲ್ಲಿರುವುದು. 'ಸುಲಿಗೆ' ಎಂಬುದು ಇನ್ನೂ ಮುಂದೆ ಹೋಗಿ ಸಿಪ್ಪೆ ಸುಲಿಯುತ್ತದೆ. ಎರಡು ಪದಗಳ ಭೇದ ಇಲ್ಲಿದೆ. ಹಿಂಡುವುದಕ್ಕೆ ಹಿಂಡುವವನೊಬ್ಬನು ಬೇಕು, ಹಿಂಡಿಸಿಕೊಳ್ಳುವವನೊಬ್ಬನು ಬೇಕು. ಎಕ್ಸಾರ್ಬಿಟಂಟ್ ಎನ್ನುವುದಕ್ಕೆ ಅಷ್ಟು ಸಾಲದು; ಇಬ್ಬರಿಗಿಂತ ಮೊದಲೇ ಅಲ್ಲೊಂದು ಜಾಡು ಇರಬೇಕು, ಅದನ್ನು ಹಾಕಿದವರು ಯಾರೆಂದು ಕೇಳಬೇಕು.

ನಮ್ಮ ಪ್ರಾಚೀನರು ಈ ಜಾಡನ್ನು ಅಂಕಿಯಲ್ಲಿಯೇ ಹಾಕಿದ್ದರು. ಮನುಸ್ಮೃತಿಯು ತಿಂಗಳಿಗೆ ನೂರರ ಎಂಬತ್ತನೆಯ ಒಂದು ಪಾಲನ್ನು ಹೇಳುತ್ತದೆ, ಎಂದರೆ ಒಂದೂಕಾಲು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಧರ್ಮವಾದ ದರ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣ. ವ್ಯಾಪಾರಕ್ಕೆ ಐದು, ಕಾಡುದಾರಿಯ ವರ್ತಕರಿಗೆ ಹತ್ತು, ಸಮುದ್ರಯಾನದವರಿಗೆ ಇಪ್ಪತ್ತು. ಇದನ್ನು ಮೀರಿದವನಿಗೂ ಮೀರಿಸಿದವನಿಗೂ ದಂಡ. ಅಪಾಯ ಹೆಚ್ಚಿದಂತೆ ಜಾಡು ಅಗಲವಾಗುತ್ತದೆ. ಹುಡುಗನ ಊರಿನ ಐದು, ಕೌಟಿಲ್ಯನು ವರ್ತಕನಿಗೆ ಹೇಳಿದ ಐದು. ಬೇಸಾಯಗಾರನು ವರ್ತಕನ ದಾರಿಯಲ್ಲಿ ಗಾಡಿ ಹೊಡೆಯುತ್ತಿದ್ದಾನೆ.

ಇದಲ್ಲದೆ 'ದಾಮ್‌ದುಪಟ್' ಎಂಬ ಇನ್ನೊಂದು ನಿಯಮವುಂಟು. ಬಾಕಿ ನಿಂತ ಬಡ್ಡಿಯನ್ನು ಒಂದೇ ಸಲ ವಸೂಲು ಮಾಡುವಾಗ ಅದು ಅಸಲನ್ನು ಮೀರಕೂಡದು. ಒಟ್ಟು ಹಣ ಇಮ್ಮಡಿಗೆ ನಿಲ್ಲಬೇಕು. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ ಪ್ರಾಂತದ ಕೋರ್ಟುಗಳು ಹಿಂದೂಗಳ ಸಾಲಗಳಲ್ಲಿ ಇದನ್ನು ಪಾಲಿಸುತ್ತಿದ್ದುವು. ಧಾರವಾಡ, ಬೆಳಗಾವಿ, ಬಿಜಾಪುರದ ಸೀಮೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುವು. ಈಗ ಸೋಜಿಗವನ್ನು ಕೇಳಿ. ಸಂಬಳದ ದಿನದ ವರೆಗೆಂದು ಕೊಡುವ ಕಿರುಸಾಲಗಳ ಹಾವಳಿಯನ್ನು ತಾಳಲಾರದೆ ಬ್ರಿಟನ್ನಿನ ಅಧಿಕಾರಿಗಳು 2015ರ ಜನವರಿ 2ರಿಂದ ಮತ್ತೆ ಅಂಕಿಗಳನ್ನು ಹಾಕಿದರು: ದಿನಕ್ಕೆ ನೂರಕ್ಕೆ ಮುಕ್ಕಾಲಿಗಿಂತ ತುಸು ಹೆಚ್ಚು, ಸರಿಯಾಗಿ 0.8, ಮತ್ತು ಬಡ್ಡಿ, ಶುಲ್ಕ, ತಪ್ಪುದಂಡ ಎಲ್ಲ ಕೂಡಿದರೂ ಪಡೆದ ಸಾಲದಷ್ಟನ್ನು ಮೀರಕೂಡದು. ದಾಮ್‌ದುಪಟ್ ಬಾಕಿಯನ್ನು ಮಾತ್ರ ನೋಡುತ್ತದೆ, ಈ ನಿಯಮ ಸಾಲದ ಆಯುಷ್ಯವನ್ನೆಲ್ಲ ನೋಡುತ್ತದೆ. ಆ ಭೇದವನ್ನು ಮರೆಯಬಾರದು. ಆದರೂ ವಿಶೇಷಣಗಳನ್ನು ನಂಬಿ ಸೋತು, ಇಂಗ್ಲೆಂಡು ಬಂದು ನಿಂತದ್ದು ಇಮ್ಮಡಿಯ ಗೆರೆಯ ಬಳಿಗೇ.

ನಮ್ಮ ರಾಜ್ಯದಲ್ಲಿ ಈ ಪದ ಕಾನೂನಿನ ಹೆಸರಿನಲ್ಲಿಯೇ ಇದೆಯೆಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ. 2004ರ 'ಕರ್ನಾಟಕ ಪ್ರೊಹಿಬಿಷನ್ ಆಫ್ ಚಾರ್ಜಿಂಗ್ ಎಕ್ಸಾರ್ಬಿಟಂಟ್ ಇಂಟರೆಸ್ಟ್ ಆಕ್ಟ್' ಮಿತಿಮೀರಿದ ಬಡ್ಡಿಯನ್ನು ನಿಷೇಧಿಸಿ ಶಿಕ್ಷೆಯನ್ನು ವಿಧಿಸುತ್ತದೆ. ಎಕ್ಸಾರ್ಬಿಟಂಟ್ ಎಂದರೆ ಯಾವುದು? ಊರಿನ ವಾಡಿಕೆಯನ್ನು ಅದು ಕೇಳುವುದಿಲ್ಲ. 1961ರ ಲೇವಾದೇವಿಗಾರರ ಕಾನೂನಿನ ಮೇರೆಗೆ ಸರ್ಕಾರವು ಗೊತ್ತುಮಾಡಿದ ದರವನ್ನು ಮೀರಿದ್ದೆಲ್ಲವೂ ಎಕ್ಸಾರ್ಬಿಟಂಟ್. ಗಾಡಿಗಳು ಎಲ್ಲಿ ಹೋಗಿ ಹೋಗಿ ನೆಲ ಸವೆದಿದೆಯೆಂಬುದು ಬೇರೆ, ರಸ್ತೆಯನ್ನು ಎಲ್ಲಿ ಹಾಕಿದೆಯೆಂಬುದು ಬೇರೆ. 2025ರಲ್ಲಿ ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾನೂನು ಬಂದಿತು. ಅದು ತಿರುಚುವ ಕೈಯನ್ನು ಕುರಿತದ್ದು.

ಇಷ್ಟನ್ನೂ ಓದಿಕೊಂಡು ನಾನು ಹುಡುಗನನ್ನು ಕರೆಯಿಸುವ ಹೊತ್ತಿಗೆ ಪರೀಕ್ಷೆ ಸಮೀಪಿಸಿತ್ತು. ಅವನು ಇನ್ನು ಕಾಲೇಜಿಗೆ ಬರುವುದು ಸಂಶಯವೆಂದು ಜೊತೆಯವರು ಹೇಳಿದ್ದರು. ಅವನು ಬಂದನು. ಅಧ್ಯಾಪಕರ ಕೊಠಡಿಯಲ್ಲಿ ನಿಂತುಕೊಂಡೇ ನೋಟುಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದನು. ತಿಂಗಳಿಗೆ ಐದು ಎಂದರೆ ಕೇಳುವುದಕ್ಕೆ ಹಗುರ, ವರ್ಷಕ್ಕೆ ಅರವತ್ತು. ಇಪ್ಪತ್ತು ತಿಂಗಳಿಗೆ ಬಡ್ಡಿಯು ಅಸಲಿನಷ್ಟಾಗುತ್ತದೆ. ಅವನ ತಂದೆ ಮೂರು ವರ್ಷ ತಪ್ಪದೆ ಕಟ್ಟಿದ್ದರು. ನೂರಕ್ಕೆ ನೂರ ಎಂಬತ್ತು ಹೋಗಿತ್ತು, ನೂರು ಹಾಗೆಯೇ ನಿಂತಿತ್ತು. ಬಾವಿಯಲ್ಲಿ ನೀರು ಬಂದಿತೆ ಎಂದು ಕೇಳಿದೆನು. "ಮೊದಲನೆಯ ವರ್ಷ ಬಂತು ಸಾರ್" ಎಂದನು.

ನನ್ನ ಪರಿಚಿತರಾದ ವಕೀಲರೊಬ್ಬರ ಬಳಿಗೆ ಒಂದು ಪತ್ರವನ್ನು ಕೊಟ್ಟೆನು. ಆ ಕಾನೂನಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿರೆಂದು ಅವನು ಕೇಳಿದನು. ನೀನೇ ಬರೆದುಕೊ ಎಂದು ನಾನು ಹೇಳಿದೆನು. ಅವನು ನಿಧಾನವಾಗಿ ಬರೆಯುತ್ತ ಬಂದು, ನಾಲ್ಕು ಮಾತುಗಳಾದ ಮೇಲೆ ಲೇಖನಿಯನ್ನು ಎತ್ತಿ ನನ್ನ ಮುಖವನ್ನು ನೋಡಿದನು.

"ಸಾರ್, ಇದರಲ್ಲಿ ಹೆಚ್ ಬರುವುದಿಲ್ಲ ಅಲ್ಲವೆ?"